ಆಟದ ಪೇಟೆಯೂ ರಣರಂಗವೂ

ಕೊಡುವವನ ಕೈಯನ್ನು ಕಟ್ಟಿದರೆ ಕಳ್ಳನ ಕೈಯೂ ಕಟ್ಟಿದಂತಾಗುವುದೆ? ಇಂತಹ ಜಿಜ್ಞಾಸೆಯು ಧರ್ಮಶಾಸ್ತ್ರದಲ್ಲಿ ಬರತಕ್ಕದ್ದು; ಅದನ್ನು ಒಂದು ಆಟದ ಚರಿತ್ರೆಯಲ್ಲಿ ಕಂಡು ವಿಸ್ಮಿತನಾದೆನು.

ಇಂಗ್ಲೆಂಡಿನ ಆಂಡ್ರೂ ಗೋವರ್ ಎಂಬಾತನು ಸೋದರನ ನೆರವಿನೊಡನೆ ರಚಿಸಿ 2001ರಲ್ಲಿ ಹೊರತಂದ ‘ರೂನ್‌ಸ್ಕೇಪ್’ ಎಂಬ ಅಂತರ್ಜಾಲದ ಆಟವೇ ಅದು. ನಾನಾ ದೇಶಗಳ ಜನರು ಮನೆಯಲ್ಲಿಯೇ ಕುಳಿತು ಒಂದು ಕಲ್ಪಿತ ರಾಜ್ಯದಲ್ಲಿ ಸಂಚರಿಸುವರು. ಮರ ಕಡಿದು, ಮೀನು ಹಿಡಿದು, ಅದಿರನ್ನು ಅಗೆದು ಹೊನ್ನನ್ನು ಗಳಿಸುವರು. ಉತ್ತರದಲ್ಲಿ ‘ವೈಲ್ಡರ್ನೆಸ್’ ಎಂಬ ಬೀಳುನೆಲವುಂಟು. ಅಲ್ಲಿ ಆಟಗಾರನು ಆಟಗಾರನನ್ನು ಕೊಲ್ಲಬಹುದು. ಸತ್ತವನ ಸೊತ್ತಿನ ಬಹುಭಾಗವು ಕೊಂದವನಿಗೆ ಸಲ್ಲುವುದು.

ಕಾಲಕ್ರಮದಲ್ಲಿ ಈ ಕಲ್ಪಿತ ಹೊನ್ನನ್ನು ನಿಜವಾದ ಹಣಕ್ಕೆ ಮಾರುವ ವರ್ತಕರು ಹುಟ್ಟಿದರು. ಅವರಲ್ಲಿ ಕದ್ದ ಕ್ರೆಡಿಟ್ ಕಾರ್ಡುಗಳಿಂದ ಚಂದಾ ಕಟ್ಟುವವರೂ ಇದ್ದರು. ಆಟದ ಒಡೆತನವಿದ್ದ ಜ್ಯಾಗೆಕ್ಸ್ ಸಂಸ್ಥೆಯು 2008ರ ಜನವರಿಯಲ್ಲಿ, ಸಮಬೆಲೆಯಿಲ್ಲದ ಕೊಡುಕೊಳುವಿಕೆಗೆ ಬಿಗಿಯಾದ ಮಿತಿಯನ್ನು ಹಾಕಿತು. ಅದಕ್ಕೂ ಮುನ್ನವೇ, 2007ರ ಡಿಸೆಂಬರಿನಲ್ಲಿ, ಬೀಳುನೆಲದ ಕಾಳಗವನ್ನು ಹಳೆಯ ರೂಪದಲ್ಲಿ ನಿಲ್ಲಿಸಿತ್ತು. ವ್ಯಾಪಾರದ ಕಳ್ಳತನಕ್ಕೆ ಯುದ್ಧವನ್ನೇಕೆ ನಿಲ್ಲಿಸಬೇಕು? ಕಾರಣ ಸೂಕ್ಷ್ಮವಾದುದು. ಮಾರುವವನು ಹೊನ್ನನ್ನು ಹೊತ್ತು ಬೀಳುನೆಲಕ್ಕೆ ಹೋಗಿ, ಕೊಳ್ಳುವವನ ಕತ್ತಿಗೆ ಬೇಕೆಂದೇ ಕೊರಳೊಡ್ಡಿದರೆ ಹೊನ್ನು ಕೈಬದಲಾಯಿತು! ಸಾವೇ ಅಲ್ಲಿ ರಸೀತಿ.

‘ಗ್ರ್ಯಾಂಡ್ ಎಕ್ಸ್‌ಚೇಂಜ್’ ಎಂಬ ಸಾರ್ವಜನಿಕ ಪೇಟೆಯಲ್ಲಿಯೂ ಗೊತ್ತಾದ ಬೆಲೆಯಿಂದ ನೂರಕ್ಕೆ 5ರಷ್ಟು ಮಾತ್ರ ಏರಿಳಿಯಬಹುದಾಗಿತ್ತು. ಕೌಟಿಲ್ಯನೂ ಸ್ವದೇಶದ ಸರಕಿನಲ್ಲಿ ವರ್ತಕನಿಗೆ ನೂರಕ್ಕೆ 5, ಪರದೇಶದ ಸರಕಿನಲ್ಲಿ 10 ಲಾಭವೆಂದು ವಿಧಿಸಿರುವನು. ಆದರೆ ಅವನು ಕಟ್ಟಿದ್ದು ಮಾರುವವನ ಲೋಭವನ್ನು. ಹೊಸದಾಗಿ ಬಂದ ಗೆಳೆಯನಿಗೆ ಒಂದು ಒಳ್ಳೆಯ ಖಡ್ಗವನ್ನು ಸುಮ್ಮನೆ ಕೊಡುವವನ ಔದಾರ್ಯವನ್ನಲ್ಲ. ಇಲ್ಲಿಯೋ ದಾನವೇ ಅಪರಾಧದ ಸಾಲಿಗೆ ಸೇರಿತು. ನನಗಂತೂ ಇದು ಸರಿಯೆನಿಸಲಿಲ್ಲ.

ಆಟಗಾರರಿಗೂ ಎನಿಸಲಿಲ್ಲ. ಅವರು ಸುಮಾರು ಮೂರು ವರ್ಷ ಬೇಡಿಕೊಂಡ ಮೇಲೆ ಸಂಸ್ಥೆಯು ಮತ ಕೇಳಿತು. 12 ಲಕ್ಷಕ್ಕೂ ಮಿಕ್ಕಿದ ಮತಗಳಲ್ಲಿ ನೂರಕ್ಕೆ 91ರಷ್ಟು ಹಳೆಯ ಸ್ವಾತಂತ್ರ್ಯದ ಪರವಾಗಿದ್ದುವು. 2011ರ ಫೆಬ್ರವರಿ 1ರಂದು ಕಾಳಗವೂ ವ್ಯಾಪಾರವೂ ಮರಳಿದುವು. ಒಡನೆಯೇ, ಮನುಷ್ಯನಿಲ್ಲದೆ ತಾವೇ ಆಡಿ ಹೊನ್ನು ಕೂಡಿಸುವ ಯಾಂತ್ರಿಕ ಆಟಗಾರರ ಹಾವಳಿಯೂ ಹೆಚ್ಚಿತು. ಅದೇ ಅಕ್ಟೋಬರಿನಲ್ಲಿ ಲಕ್ಷಗಟ್ಟಲೆ ಅಂಥವರನ್ನು ಹೊರಗಟ್ಟಬೇಕಾಯಿತು. ಆದರೂ ಇದೇ ಸರಿಯಾದ ದಾರಿ: ಕಳ್ಳನನ್ನು ಹುಡುಕಿ ಹಿಡಿಯುವ ಶ್ರಮವು ಕಾವಲುಗಾರನದು, ಊರವರದಲ್ಲ.

2013ರಲ್ಲಿ ಅದೇ ಆಟದ ಹಳೆಯ ರೂಪವೊಂದನ್ನು ಪುನಃ ತೆರೆದರು. ಅಲ್ಲಿ ಹೊಸ ಸಲಹೆಗಳನ್ನು ಆಟಗಾರರ ಮತಕ್ಕೆ ಒಡ್ಡುವ ಪದ್ಧತಿ ಬಂದಿತು. ನೂರಕ್ಕೆ 75 ಮತ ಬೇಕಾಗಿತ್ತು, 2022ರಿಂದ 70 ಸಾಕು. ಪೇಟೆಯು 2015ರಲ್ಲಿ ಅಲ್ಲಿಗೆ ಮತದಿಂದಲೇ ಬಂದಿತು. ಕಾಳಗದ ಸಲಹೆಗಳಿಗೆ ಆ ಭಾಗ್ಯವು ಅಷ್ಟು ಸುಲಭವಾಗಿರಲಿಲ್ಲ, ಮತಕ್ಕೆ ಬಂದಾಗ ಹಲವು ಬಾರಿ ಸೋತುವು. ಬೀಳುನೆಲವನ್ನು ಎಂದೂ ತುಳಿಯದೆ, ನನ್ನ ಮೊಮ್ಮಗನಂತೆ ಸೌದೆ ಕಡಿದು ಮಾರಿಕೊಂಡಿರುವ ಸಾಧುಪ್ರಾಣಿಗಳಿಗೂ ಆಗ ಅಲ್ಲಿ ಮತವಿತ್ತಷ್ಟೆ.