ಸೊಲ್ಲಾಪುರದ ಬೈಕು, ಆಳಂದದ ದಾರಿ

ನನ್ನ ಕನಸಿನ ಸ್ಪೋರ್ಟ್ಸ್ ಬೈಕು ನಮ್ಮೂರಿಗೆ ಬಂದಿದ್ದು ತನ್ನ ಚಕ್ರದ ಮೇಲಲ್ಲ, ಛೋಟಾ ಹಾಥಿ ಗಾಡಿಯಲ್ಲಿ. ನಾಲ್ಕೂ ಕಡೆ ಹಗ್ಗ ಬಿಗಿದು ನಿಲ್ಲಿಸಿದ್ದೆವು. ಹಿರೋಳಿ ಹತ್ತಿರ ಚಹಾ ಕುಡಿಯಲು ನಿಂತಾಗ ಒಬ್ಬ ಅಜ್ಜ ಬಂದು ಸುತ್ತ ನೋಡಿ, "ಏನ್ ತಮ್ಮಾ, ಎಮ್ಮಿ ಕಟ್ಟಿದಂಗ ಕಟ್ಟೀರಿ. ಹಾಲು ಕೊಡ್ತದೇನು?" ಅಂದರು. ಡ್ರೈವರ್ ಜೋರಾಗಿ ನಕ್ಕ. ನನಗೆ ನಗು ಬರಲಿಲ್ಲ. ಅವತ್ತು ಬೆಳಿಗ್ಗೆಯಷ್ಟೇ 95 ಸಾವಿರ ಎಣಿಸಿ ಕೊಟ್ಟು ಬಂದಿದ್ದೆ.

ಈ ಹುಚ್ಚು ಶುರುವಾಗಿದ್ದು 2012ರಲ್ಲಿ. ಆ ವರ್ಷ ನಾನು ಇಂಜಿನಿಯರಿಂಗ್ ಸೇರಿ ಕಲಬುರಗಿ ಹಾಸ್ಟೆಲ್‌ಗೆ ಬಂದೆ. ಆಗಿನ್ನೂ ಅದು ಗುಲಬರ್ಗಾ. ಅದೇ ವರ್ಷ ಹ್ಯೋಸಂಗ್ ಜಿಟಿ250ಆರ್ ಅನ್ನೋ ಬೈಕು ನಮ್ಮ ದೇಶದ ಮಾರುಕಟ್ಟೆಗೆ ಬಂತು. ಕೊರಿಯಾದ ಗಾಡಿ, ಜೋಡಿಸುತ್ತಿದ್ದಿದ್ದು ಮಹಾರಾಷ್ಟ್ರದ ವಾಯಿಯಲ್ಲಿ. ಬರೀ 249 ಸಿಸಿ, ಆದರೆ ನೋಡೋಕೆ ದೊಡ್ಡ ಬೈಕಿನ ಮೈಕಟ್ಟು. ಎಲ್ಲಕ್ಕಿಂತ ಮುಖ್ಯವಾಗಿ ಅದು ವಿ-ಟ್ವಿನ್. ಅಂದ್ರೆ ಎರಡು ಸಿಲಿಂಡರು, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಒಂದೇ ಕ್ರ್ಯಾಂಕಿಗೆ ಕೂಡಿಕೊಂಡಿರುತ್ತವೆ. ಎರಡೂ ಸಮ ಅಂತರದಲ್ಲಿ ಉರಿಯುವುದಿಲ್ಲ, ಅದಕ್ಕೇ ಅದರ ಸಪ್ಪಳ ಬೇರೆ. ಪತ್ರಿಕೆಯಿಂದ ಕತ್ತರಿಸಿದ ಅದರ ಚಿತ್ರ ನಾಲ್ಕು ವರ್ಷ ನನ್ನ ಹಾಸ್ಟೆಲ್ ಗೋಡೆಯ ಮೇಲಿತ್ತು.

ಇನ್ನೊಂದು ವಿಷಯವೂ ಆ ವರ್ಷವೇ ಆಯಿತು. ನನ್ನ ಮೊದಲ ವರ್ಷದ ಫೀಸಿಗೆ ಅಪ್ಪ ಜೋಡೆತ್ತು ಮಾರಿದರು. ಅದನ್ನು ಅವರು ಇವತ್ತಿನವರೆಗೂ ಆಡಿ ತೋರಿಸಿಲ್ಲ. ನನಗೂ ಮರೆಯೋಕೆ ಆಗಿಲ್ಲ.

ಈಗ ನನಗೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ತಿಂಗಳಲ್ಲಿ ಹತ್ತು ದಿನ ಆಳಂದದ ಮನೆಯಿಂದಲೇ ಕೆಲಸ ಮಾಡಬಹುದು. 2023ರ ನವೆಂಬರಿನಲ್ಲಿ ಊರಲ್ಲಿದ್ದಾಗ ಹಳೆ ಗಾಡಿ ಮಾರುವ ಆ್ಯಪ್‌ನಲ್ಲಿ ಅದೇ ಬೈಕು ಕಾಣಿಸಿತು. 2013ರ ಮಾಡೆಲ್, ಕೆಂಪು ಬಣ್ಣ, ಸೊಲ್ಲಾಪುರ. ಬೆಂಗಳೂರು ಆಗಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆಳಂದದವರಿಗೆ ಸೊಲ್ಲಾಪುರ ಅಂದ್ರೆ ಪಕ್ಕದ ಓಣಿ ಇದ್ದ ಹಾಗೆ. ಮದುವೆ ಬಟ್ಟೆಗೆ ಅಲ್ಲಿಗೇ, ದೊಡ್ಡ ಆಸ್ಪತ್ರೆಗೂ ಅಲ್ಲಿಗೇ. ವಾಗ್ದರಿ, ಅಕ್ಕಲಕೋಟ ದಾಟಿದರೆ ಸೊಲ್ಲಾಪುರ. ಮಹಾರಾಷ್ಟ್ರದ ಬೋರ್ಡು ಬಂದರೂ ಅಕ್ಕಲಕೋಟ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಸೊಲ್ಲಾಪುರವೂ ನಮಗೆ ಪರಕೀಯವಲ್ಲ, ವಚನಕಾರ ಸಿದ್ಧರಾಮರ ಸೊನ್ನಲಿಗೆ ಅದು. ಮಾರುವ ಹುಡುಗನೂ ಫೋನಿನಲ್ಲಿ ಮರಾಠಿಯಲ್ಲಿ ಶುರು ಮಾಡಿ, ನಾನು ಆಳಂದ ಅಂದ ಕೂಡಲೇ "ಬರ್‍ರಿ ಬರ್‍ರಿ, ನಮ್ಮ ಅವ್ವನ ತವರೂ ಆ ಕಡೀದೇ" ಅಂದ.

ಬೈಕು ಮೂರು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ನಿಂತ ಗಾಡಿಯನ್ನು ಹೇಗೆ ನೋಡಬೇಕು ಅಂತ ಮೊದಲೇ ಓದಿಕೊಂಡು ಹೋಗಿದ್ದೆ. ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಹಾಕಿ ಒಳಗೆ ತುಕ್ಕಿದೆಯಾ ಅಂತ ನೋಡಿದೆ. ಮುಂದಿನ ಶಾಕ್‌ನ ಮೇಲೆ ಬೆರಳು ಸವರಿ ಎಣ್ಣೆ ಜಿನುಗುತ್ತಿದೆಯಾ ಅಂತ ನೋಡಿದೆ. ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಆರ್‌ಸಿಗೆ ತಾಳೆ ಹಾಕಿದೆ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಉಳಿದೆರಡು ವರ್ಷ. ಇದರಲ್ಲಿ 2214 ಅಂತ ಇತ್ತು. ಅಂದ್ರೆ 2014ರ ಇಪ್ಪತ್ತೆರಡನೇ ವಾರದ್ದು. ಗುಂಡಿ ಚೆನ್ನಾಗಿದ್ದವು, ರಬ್ಬರ್ ಮಾತ್ರ ಬಿರುಕು ಬಿಟ್ಟಿತ್ತು. ಇಂಥ ಟೈರಿನ ಮೇಲೆ ಓಡಿಸಿಕೊಂಡು ಹೋಗೋದು ಬೇಡ ಅಂತ ಅಲ್ಲೇ ತೀರ್ಮಾನಿಸಿದೆ. ಹಾಗಾಗಿ ಛೋಟಾ ಹಾಥಿ.

ಹೊರಡುವಾಗ ಆ ಹುಡುಗ ಅಟ್ಟದಿಂದ ಒಂದು ಚೀಲ ಇಳಿಸಿ ಕೊಟ್ಟ. "ಇದು ಒರಿಜಿನಲ್ ಸಾಮಾನ್ರಿ. ಯಾಕ ಒಗಿಯೋದು ಅಂತ ಇಟ್ಟಿದ್ದೆ." ಒಳಗೆ ಹಳೆಯ ಸೈಲೆನ್ಸರು, ಹಿಂದೆ ಕೂತವರು ಹಿಡಿಯುವ ಹಿಡಿಕೆ, ಸ್ಯಾರಿ ಗಾರ್ಡ್. ಬೈಕಿಗೆ ಅವನು ತೆರೆದ ಬಾಯಿಯ ಸೈಲೆನ್ಸರ್ ಹಾಕಿಸಿದ್ದ. ನನಗೆ ಬೇಕಾಗಿದ್ದೂ ಅದೇ. ಚೀಲ ಬೇಡ ಅನ್ನಲು ಸಂಕೋಚವಾಗಿ ತಂದೆ.

ಮನೆ ಮುಂದೆ ಇಳಿಸಿದಾಗ ಅಪ್ಪ ಎಷ್ಟಾಯಿತು ಅಂತ ಕೇಳಿದರು. ಸುಳ್ಳು ಹೇಳಬೇಕು ಅಂತ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. ಬಾಯಿಗೆ ಬರಲಿಲ್ಲ, ನಿಜ ಹೇಳಿದೆ. ಅವರು ಟ್ಯಾಂಕಿನ ಮೇಲೆ ಕೈಯಾಡಿಸಿ, "ಜೋಡೆತ್ತು ಬರ್ತಿದ್ವು" ಅಂದು ಒಳಗೆ ಹೋದರು.

ಕಲಬುರಗಿಯಲ್ಲಿ ದೊಡ್ಡ ಗಾಡಿ ಬಿಚ್ಚಿ ಗೊತ್ತಿರೋ ಮಿಸ್ತ್ರಿ ಒಬ್ಬರಿದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯೋದು. ಬ್ಯಾಟರಿ ಹಾಕಿ, ಹಳೆ ಪೆಟ್ರೋಲು ತೆಗೆದು ಸ್ಟಾರ್ಟ್ ಮಾಡಿದರೆ ಗಾಡಿ ಕುಂಟುತ್ತಿತ್ತು. ಚಾಚಾ ಸೈಲೆನ್ಸರಿನ ಎರಡು ಪೈಪಿಗೂ ನೀರು ಚಿಮುಕಿಸಿದರು. ಮುಂದಿನದರ ಮೇಲೆ ನೀರು ಚುರ್ ಅಂತು, ಹಿಂದಿನದರ ಮೇಲೆ ಹಾಗೇ ಹರಿದು ಹೋಯ್ತು. "ನೋಡು ಬೇಟಾ, ಜೋಡೆತ್ತಿನ ಗಾಡಿ ಇದು. ಒಂದು ಎಳೀಲಾಕತ್ತದ, ಇನ್ನೊಂದು ಸುಮ್ಮ ನಿಂತದ." ಹಿಂದಿನ ಸಿಲಿಂಡರಿನ ಪ್ಲಗ್ಗಿನ ವೈರನ್ನು ಇಲಿ ಕಡಿದಿತ್ತು. ಈ ಬಗೆಯ ಬೈಕುಗಳಲ್ಲಿ ಹಿಂದಿನ ಸಿಲಿಂಡರು ಟ್ಯಾಂಕಿನ ಕೆಳಗೆ ಅಡಗಿರುತ್ತದೆ. ಕೈ ಹಾಕೋದೂ ಕಷ್ಟ, ಗಾಳಿ ತಾಗೋದೂ ಕಡಿಮೆ. ನಮ್ಮ ಬೇಸಿಗೆಯ ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಮೊದಲು ಕಾಯೋದೂ ಅದೇ.

ವೈರು, ಪ್ಲಗ್ಗು, ಬ್ರೇಕ್ ಆಯಿಲ್, ಫೋರ್ಕಿನ ಸೀಲು, ಚೈನ್ ಸೆಟ್ಟು, ಎರಡು ಹೊಸ ಟೈರು. ಹಿಂದಿನದು 150/70-17, ಆಳಂದದಲ್ಲಂತೂ ಸಿಗಲಿಲ್ಲ, ಹೈದರಾಬಾದಿನಿಂದ ತರಿಸಿದೆ. ಒಟ್ಟು 38 ಸಾವಿರ. ಹೊಸದಾಗಿ ಮಾರಾಟಕ್ಕಿಲ್ಲದ ಗಾಡಿ ಅಂದ್ಮೇಲೆ ಕೊಂಡ ಬೆಲೆಯ ಅರ್ಧದಷ್ಟು ಹಣ ಕೈಯಲ್ಲಿ ಉಳಿಸಿಕೊಂಡೇ ಕೊಳ್ಳಬೇಕು. ಇದು ನಾನು ಕಲಿತ ಮೊದಲ ಪಾಠ.

ಎರಡನೇ ಪಾಠ ಕಾಗದಪತ್ರದ್ದು. ಗಡಿ ದಾಟಲು ನಮಗೆ ಎರಡು ನಿಮಿಷ ಸಾಕಾಯ್ತು. ಕಾಗದ ದಾಟಲು ತಿಂಗಳುಗಳೇ ಬೇಕಾದವು, ತಪ್ಪು ನನ್ನದೇ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಬೇಕು, ಅದು ಫಾರ್ಮ್ 28. ಮಾಲೀಕರ ಹೆಸರು ಬದಲಾಗಲು ಫಾರ್ಮ್ 29, 30. ನಾನು ಆರ್‌ಸಿಯಲ್ಲಿ ಸಾಲದ ಷರಾ ಇನ್ನೂ ಇದ್ದದ್ದನ್ನು ನೋಡಿರಲಿಲ್ಲ. ಆ ಹುಡುಗ ಸಾಲ ತೀರಿಸಿ ವರ್ಷಗಳಾಗಿದ್ದವು, ಆದರೆ ಫಾರ್ಮ್ 35 ಕೊಟ್ಟು ಷರಾ ತೆಗೆಸಿರಲಿಲ್ಲ. ಅದಕ್ಕಾಗಿ ಅವನೂ ನಾನೂ ಎರಡು ಸಲ ಓಡಾಡಿದೆವು. ಇಲ್ಲಿ ರಸ್ತೆ ತೆರಿಗೆ ಕಟ್ಟಿ ಕೊನೆಗೂ ಕೆಎ 32 ನಂಬರು ಸಿಕ್ಕಿತು. ಇನ್ನೊಂದು ಲೆಕ್ಕವೂ ನೆನಪಿರಲಿ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮಾತ್ರ. 2013ರ ಗಾಡಿಗೆ 2028ರಲ್ಲಿ ಮತ್ತೆ ತಪಾಸಣೆ ಮಾಡಿಸಿ ನವೀಕರಿಸಬೇಕು.

ಈ ನಡುವೆ ನಡೆದದ್ದನ್ನು ಹೇಳಬೇಕು. ಹೇಳಲೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

2024ರ ಸಂಕ್ರಾಂತಿ ಮುಗಿದ ವಾರ. ಗಾಡಿ ಎರಡೂ ಸಿಲಿಂಡರಿನಲ್ಲಿ ಓಡುತ್ತಿತ್ತು. ಆ ತೆರೆದ ಸೈಲೆನ್ಸರಿನ ಸಪ್ಪಳ ಕೇಳಿ ಓಣಿಯ ಹುಡುಗರು ಹೊರಗೆ ಬರುತ್ತಿದ್ದರು. ಖುಷಿಯಾಗುತ್ತಿತ್ತು, ಇಲ್ಲ ಅನ್ನಲ್ಲ. ನಮ್ಮ ಹೊಲ ಇರೋದು ಕೊರಳ್ಳಿ ಕಡೆ, ಅಮರ್ಜಾ ಅಣೆಕಟ್ಟಿಗೆ ಹೋಗೋ ದಾರಿಯಲ್ಲಿ. ತೊಗರಿ ರಾಶಿಯ ಕಾಲ. ಅಪ್ಪನಿಗೆ ಬುತ್ತಿ ಕೊಡಲು ಬೈಕಿನಲ್ಲಿ ಹೊರಟೆ.

ಎದುರಿಗೆ ಒಂದು ಎತ್ತಿನ ಗಾಡಿ, ತುಂಬ ತೊಗರಿ ಕಟ್ಟಿಗೆ ಹೇರಿತ್ತು. ಹೊಡೆಯುತ್ತಿದ್ದವರು ನಮ್ಮ ಬಾಜು ಹೊಲದ ಕಾಕಾ. ಗೇರ್ ಇಳಿಸಿ ಆಕ್ಸಿಲರೇಟರ್ ಒಂದು ಸಲ ತಿರುಗಿಸಿದೆ. ಅಷ್ಟೇ. ಸೈಲೆನ್ಸರ್ ಪಟಾಕಿ ಹೊಡೆದಂತೆ ಸಿಡಿಯಿತು. ಎತ್ತುಗಳು ಬೆದರಿ ದಾರಿ ಬಿಟ್ಟು ಕೆಳಗೆ ನುಗ್ಗಿದವು. ಒಂದು ಗಾಲಿ ಬದುವಿನ ಮೇಲೆ ಹತ್ತಿ ಗಾಡಿ ಒಂದು ಕಡೆ ವಾಲಿತು. ಕಾಕಾ ಮೂಕಿಯ ಮೇಲಿಂದ ಜಾರಿ, ಹಗ್ಗ ಬಿಡದೆ, ಸ್ವಲ್ಪ ದೂರ ಎಳೆದುಕೊಂಡೇ ಹೋದರು. ಗಾಲಿಗೂ ಅವರ ಕಾಲಿಗೂ ನಡುವೆ ಒಂದು ಗೇಣು ಇತ್ತು. ನಾನು ಬೈಕನ್ನು ಅಲ್ಲೇ ಕೆಡವಿ ಓಡಿದೆ.

ಮೊಣಕೈ ತರಚಿತ್ತು, ಬೇರೇನೂ ಆಗಲಿಲ್ಲ. ಕಾಕಾ ನನ್ನನ್ನು ಬೈಯಲಿಲ್ಲ. ಎತ್ತಿನ ಕೊರಳು ಸವರುತ್ತ ಅವುಗಳ ಜೊತೆ ಮಾತಾಡುತ್ತಿದ್ದರು. ಅಪ್ಪ ಹೊಲದಿಂದ ಓಡಿ ಬಂದು ಅವರ ಕೈ ಹಿಡಿದು "ತಪ್ಪಾಯ್ತೋ ಮಾರಾಯ" ಅಂದರು. ತಪ್ಪು ಮಾಡಿದವನು ನಾನು, ಕೈ ಹಿಡಿದವರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು: "ಸಪ್ಪಳ ಬೇಕಿದ್ರ ಹಲಗಿ ತಗೋಬೇಕಿತ್ತು. ಗಾಡಿ ಯಾಕ ಬೇಕಿತ್ತು?"

ಅವತ್ತು ರಾತ್ರಿ ಕಾನೂನು ಏನು ಹೇಳುತ್ತದೆ ಅಂತ ಓದಿದೆ. ಮೊದಲೇ ಓದಬೇಕಿತ್ತು. ಕಂಪನಿ ಮಾಡಿದ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 175 ಸಿಸಿ ಮೇಲ್ಪಟ್ಟ ಬೈಕುಗಳಿಗೆ ಶಬ್ದದ ಮಿತಿ 80 ಡೆಸಿಬಲ್. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂಗಾಲಿಯ ಅರ್ಧಕ್ಕಾದರೂ ಮುಚ್ಚಳ ಇರಬೇಕು ಅನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ 123. ನನ್ನ ಬೈಕಿನಲ್ಲಿ ಕಾಲಿಡುವ ಜಾಗ ಒಂದನ್ನು ಬಿಟ್ಟರೆ ಇದ್ಯಾವುದೂ ಇರಲಿಲ್ಲ. ಎಲ್ಲವೂ ಆ ಚೀಲದಲ್ಲಿತ್ತು.

ಮರುದಿನ ಚೀಲ ಕಟ್ಟಿಕೊಂಡು ಚಾಚಾನ ಹತ್ತಿರ ಹೋದೆ. ಹಳೆ ಸೈಲೆನ್ಸರಿನ ತುಕ್ಕು ಉಜ್ಜಿ, ಒಂದು ಕಡೆ ವೆಲ್ಡ್ ಮಾಡಿ ಕೂರಿಸಿದರು. ಹಿಡಿಕೆ, ಸ್ಯಾರಿ ಗಾರ್ಡ್ ಹಾಕಿದರು. ಹಿಂದಿನ ಸೀಟಿಗೆ ಹೊಸ ಸ್ಪಂಜು ತುಂಬಿಸಿ ಅಗಲ ಮಾಡಿಸಿದೆ. "ಎಲ್ಲಾರೂ ಬಿಚ್ಚಸ್ಲಾಕ ಬರ್ತಾರ, ನೀ ಹಾಕಸ್ಲಾಕ ಬಂದಿ" ಅಂತ ಚಾಚಾ ನಕ್ಕರು. ಬೆಂಗಳೂರಿನ ಗೆಳೆಯರಿಗೆ ಫೋಟೋ ಕಳಿಸಿದರೆ "ಇದೇನೋ ಮಾಡಿಫಿಕೇಶನ್ನು?" ಅಂತ ಕೇಳಿದರು. ಹೌದು, ಇದೇ.

ಕಾಗದ ಎಲ್ಲ ಸರಿಯಾಗಿ, ಮಳೆಗಾಲವೂ ಕಳೆದು, ಮುಂದಿನ ಜನವರಿಯಲ್ಲಿ ಒಂದು ಭಾನುವಾರ ಅಪ್ಪನನ್ನು ಕೇಳಿದೆ. "ಗಾಣಗಾಪುರಕ್ಕೆ ಹೋಗೋಣೇನಪಾ, ಇದರ ಮ್ಯಾಲೆ?" ಅವರು ಬೈಕಿನ ಸುತ್ತ ಒಂದು ಸಲ ತಿರುಗಿದರು. ಸ್ಯಾರಿ ಗಾರ್ಡ್ ಅಲುಗಾಡಿಸಿ ನೋಡಿದರು. ಟೊಪಿಗಿ ತೆಗೆದು ಜೇಬಿಗೆ ಹಾಕಿ ಹೆಲ್ಮೆಟ್ ತೊಟ್ಟರು. ಧೋತರ ಬಿಗಿದು ಕಟ್ಟಿ, ನನ್ನ ಹೆಗಲ ಮೇಲೆ ಭಾರ ಹಾಕಿ ಹತ್ತಿದರು.

ಹತ್ತಿರದ ಒಳರಸ್ತೆ ಬಿಟ್ಟು, ಅಪ್ಪನ ಬೆನ್ನಿಗೆ ಒಳ್ಳೆಯದಾಗಲಿ ಅಂತ ಸುತ್ತಿನ ದಾರಿ ಹಿಡಿದೆ. ಬೆಳಗಿನ ಚಳಿ. ಎರಡೂ ಕಡೆ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಸಾಲಾಗಿ ಬರುತ್ತಿದ್ದವು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಬಂದಾಗ ಅಪ್ಪ, "ಮೊದಲ ಇಲ್ಲೆಲ್ಲ ಬರೇ ಬಯಲಿತ್ತು" ಅಂದರು. ಕಲಬುರಗಿ ಸುತ್ತಿಕೊಂಡು, ಅಫಜಲಪುರ ರಸ್ತೆಯಲ್ಲಿ ಚೌಡಾಪುರದ ತನಕ ಹೋಗಿ ತಿರುಗಿದೆವು. ಐವತ್ತರ ವೇಗ ದಾಟಲಿಲ್ಲ. ಆ ವೇಗದಲ್ಲಿ ಸೈಲೆನ್ಸರಿನ ಸಪ್ಪಳ ಹಿತವಾಗಿತ್ತು, ಅಪ್ಪ ಮಾತಾಡಿದ್ದು ಕೇಳಿಸುತ್ತಿತ್ತು. ಮನೆಯಲ್ಲಿ ನಾವಿಬ್ಬರೂ ಅಷ್ಟೊಂದು ಮಾತಾಡಿದ್ದು ನನಗೆ ನೆನಪಿಲ್ಲ.

ದರ್ಶನ ಮುಗಿಸಿ ಸಂಗಮಕ್ಕೆ ಹೋದೆವು. ನಮ್ಮ ಹೊಲದ ಕಡೆಯ ಅಮರ್ಜಾ ಇಲ್ಲಿಗೆ ಬಂದು ಭೀಮೆಯನ್ನು ಸೇರುತ್ತದೆ. ಅಪ್ಪ ನೀರಿಗಿಳಿದು ಮುಖ ತೊಳೆದು ಮೆಟ್ಟಿಲ ಮೇಲೆ ಕೂತರು. "ಆ ಎತ್ತು ಮಾರಿದ ಮ್ಯಾಲೆ ಒಂದ್ಸಲ ಇಲ್ಲಿಗಿ ಬಂದಿದ್ದೆ" ಅಂದರು. "ಒಬ್ಬನೇ. ಬಸ್ಸಿಗಿ." ಆಮೇಲೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಮಧ್ಯಾಹ್ನ ಮಾಧುಕರಿಗೆ ಜೋಳಿಗೆ ಹಿಡಿದು ಹೊರಟ ಭಕ್ತರ ನಡುವೆ ದಾರಿ ಮಾಡಿಕೊಂಡು ಹೊರಬಂದೆವು.

ವಾಪಸ್ ಬರುವಾಗ ಒಬ್ಬ ರೈತನ ಹೊಲದ ಬದುವಿನಲ್ಲಿ ಬಿಸಿ ಬಿಸಿ ಸೀತನಿ ತಿಂದೆವು. ಊರು ಮುಟ್ಟುವ ಮೊದಲು ಮತ್ತೊಂದು ಎತ್ತಿನ ಗಾಡಿ ಎದುರಾಯಿತು. ನಾನು ಬದಿಗೆ ಹೋಗಿ ಇಂಜಿನ್ ಬಂದ್ ಮಾಡಿ ನಿಂತೆ. ಎತ್ತುಗಳು ತಮ್ಮ ಪಾಡಿಗೆ ಹೋದವು. ಅಪ್ಪ ನನ್ನ ಹೆಗಲು ಎರಡು ಸಲ ತಟ್ಟಿದರು, ಹೋಗು ಅನ್ನುವ ಹಾಗೆ.

ಮನೆ ಮುಂದೆ ಇಳಿದು, ಹೆಲ್ಮೆಟ್ ತೆಗೆದು, ಟೊಪಿಗಿ ಹಾಕಿಕೊಂಡು ಅಂದರು: "ನಾಳಿ ಮುಂಜಾನೆ ಹೊಲಕ್ಕ ಇದರ ಮ್ಯಾಲೇ ಬಿಡು. ಕಾಕಾನೂ ಒಮ್ಮೆ ಕೂಡ್ತೀನಿ ಅಂದಾನ."