ವಾಲ್ವಿನ ದನಿ, ಕೈಯ ಕೆಲಸ, ಜೇಬಿನ ಲೆಕ್ಕ



ನನ್ನ ವಯಸ್ಸಿನವರಿಗೆ ವಾಲ್ವು ಎಂದೊಡನೆ ನೆನಪಾಗುವುದು ರೇಡಿಯೋ. ಗುಂಡಿ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕಿತ್ತು. ಒಳಗಿನ ಗಾಜಿನ ನಳಿಕೆಗಳು ಕಾದು ಕೆಂಪಗಾದ ಬಳಿಕವೇ ಆಕಾಶವಾಣಿಯ ದನಿ ಹೊರಡುತ್ತಿತ್ತು. ಆ ನಳಿಕೆಗಳಲ್ಲಿ ಅನೇಕವು ನಮ್ಮ ಬೆಂಗಳೂರಿನವೇ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಅಲ್ಲಿ ತಯಾರಾದ ಇಎಲ್ 84, ಇಸಿಸಿ 83 ಎಂಬ ವಾಲ್ವುಗಳಿಗೂ ಇಂದು ಗಿಟಾರ್ ನುಡಿಸುವ ಹುಡುಗರು ಆಸೆಪಡುವ ಆಂಪ್ಲಿಫೈಯರುಗಳಿಗೂ ನೇರ ನಂಟಿದೆ. ನಮ್ಮ ರೇಡಿಯೋದಲ್ಲಿ ವಾರ್ತೆ ಓದಿಸಿದ ಇಎಲ್ 84 ಮಾದರಿಯ ವಾಲ್ವುಗಳೇ, ನಾಲ್ಕರ ಗುಂಪಾಗಿ, ಬೀಟಲ್ಸ್ ತಂಡ ಬಳಸಿದ ಇಂಗ್ಲೆಂಡಿನ ವಾಕ್ಸ್ ಎಸಿ 30 ಪೆಟ್ಟಿಗೆಯಲ್ಲಿ ಗಿಟಾರಿಗೆ ದನಿ ಕೊಟ್ಟವು.

ಈ ವಿಷಯ ಈಗ ಏಕೆಂದರೆ, ಮಾರ್ಟಳ್ಳಿಯಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ದುಡಿಯುತ್ತಿರುವ ಹುಡುಗನೊಬ್ಬ ಕೆಲವು ತಿಂಗಳ ಹಿಂದೆ ಒಂದು ಪ್ರಶ್ನೆ ಕೇಳಿದ. ಚರ್ಚಿನ ಗಾನವೃಂದದಲ್ಲಿ ಗಿಟಾರ್ ಕಲಿತವನು ಅವನು. “ಸಾರ್, ಒಂದು ವಾಲ್ವು ಆಂಪ್ಲಿಫೈಯರ್ ತಗೋಬೇಕು ಅಂತಿದೀನಿ. ಅಷ್ಟು ದುಡ್ಡಿಗೆ ಅದರಲ್ಲಿ ಏನಾದರೂ ಇದೆಯಾ, ಇಲ್ಲಾ ಬರೀ ಹೆಸರಾ?” ಮೂರು ವರ್ಷದ ಉಳಿತಾಯ ಅದು. ಅವನ ತಂಗಿಯ ನರ್ಸಿಂಗ್ ಶುಲ್ಕವೂ ಅದೇ ಗಂಟಿನಿಂದ ಹೊರಡಬೇಕಾಗಿತ್ತು. ನಾನು ಸಂಗೀತಗಾರನಲ್ಲ, ಭೌತಶಾಸ್ತ್ರ ಹೇಳಿಕೊಟ್ಟವನು. ಆದರೂ ಪ್ರಶ್ನೆ ನನ್ನ ಪಾಠದೊಳಗಿನದೇ ಆದ್ದರಿಂದ ಓದಿ, ಕೇಳಿ, ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾದಗುಣದ ಮಾತು. ತಂಬೂರಿಗೆ ಶ್ರುತಿ ಕೂಡಿಸುವವರು ಕುದುರೆಯ ಮೇಲೆ ತಂತಿಯ ಅಡಿಗೆ ಸಣ್ಣ ನೂಲೆಳೆಯೊಂದನ್ನು ಸರಿಸಿ ‘ಜೀವ’ ಹಿಡಿಸುವುದನ್ನು ನೀವು ನೋಡಿರಬಹುದು. ನೂಲು ಸರಿಯಾದ ಜಾಗದಲ್ಲಿ ಕೂತಾಗ ಮೂಲ ಸ್ವರದೊಡನೆ ಉಪಸ್ವರಗಳು ಎದ್ದು ನಾದ ತುಂಬಿಕೊಳ್ಳುತ್ತದೆ. ವಾಲ್ವು ಗಿಟಾರಿಗೆ ಮಾಡುವುದೂ ಹೆಚ್ಚುಕಡಿಮೆ ಇಂಥ ಕೆಲಸವನ್ನೇ. ತಂತಿಯನ್ನು ಮೆಲ್ಲಗೆ ಮೀಟಿದಾಗ ಅದು ಅಲೆಯನ್ನು ಇದ್ದಂತೆಯೇ ದೊಡ್ಡದು ಮಾಡುತ್ತದೆ. ಗಟ್ಟಿಯಾಗಿ ಮೀಟಿದಾಗ ತನ್ನ ಮಿತಿಯ ಹತ್ತಿರ ಬಂದು ಅಲೆಯ ನೆತ್ತಿಯನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡುತ್ತದೆ. ಆಗ ಹೊಸ ಉಪಸ್ವರಗಳು ಹುಟ್ಟುತ್ತವೆ. ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಮಿತಿಯವರೆಗೂ ನೆಟ್ಟಗೆ ಹೋಗಿ, ಅಲ್ಲಿ ಅಲೆಯನ್ನು ಕತ್ತಿಯಿಂದ ಕಡಿದಂತೆ ಕಡಿಯುತ್ತದೆ. ಕಿವಿಗೆ ಅದು ಒರಟು. ಭಾಷಣಕ್ಕೆ ವಿಕೃತಿ ದೋಷ. ಗಿಟಾರಿಗೆ, ಹದದಲ್ಲಿದ್ದರೆ, ಅದೇ ಗುಣ.

ಹಾಗಾದರೆ ಎಲ್ಲ ವಾಲ್ವು ಆಂಪ್ಲಿಫೈಯರುಗಳ ದನಿಯೂ ಒಂದೆಯೇ? ಅಲ್ಲ. ಇದಕ್ಕೆ ಒಂದು ಒಳ್ಳೆಯ ದೃಷ್ಟಾಂತವಿದೆ. ಅಮೆರಿಕದ ಲಿಯೋ ಫೆಂಡರ್ ತಯಾರಿಸಿದ ‘ಬಾಸ್‌ಮನ್’ ಎಂಬ ಆಂಪ್ಲಿಫೈಯರಿನ ಸರ್ಕಿಟ್ಟನ್ನು 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯವರು ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡು ತಮ್ಮ ‘ಜೆಟಿಎಮ್ 45’ ಕಟ್ಟಿದರು. ನಕ್ಷೆ ಸರಿಸುಮಾರು ಒಂದೇ. ಆದರೆ ಮೊದಲ ವಾಲ್ವಿನ ಜಾಗದಲ್ಲಿ ಇನ್ನೂ ಹೆಚ್ಚು ವರ್ಧಿಸುವ ಇಸಿಸಿ 83 ಬಂತು. ಟ್ರಾನ್ಸ್‌ಫಾರ್ಮರುಗಳು ಇಂಗ್ಲೆಂಡಿನವಾದವು. ಹಿಂಬದಿ ತೆರೆದ ಪೆಟ್ಟಿಗೆಯಲ್ಲಿದ್ದ ನಾಲ್ಕು ಹತ್ತಂಗುಲದ ಸ್ಪೀಕರುಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ಹನ್ನೆರಡಂಗುಲದ ಸ್ಪೀಕರುಗಳು ಕೂತವು. ಒಂದರ ದನಿ ತಿಳಿ, ಗಂಟೆಯಂತೆ. ಇನ್ನೊಂದರದು ದಪ್ಪ, ಗುಡುಗಿನಂತೆ. ಒಂದೇ ಹಿಟ್ಟು, ಬೇರೆ ಕಾವಲಿ, ಬೇರೆ ದೋಸೆ! ವಾಕ್ಸ್ ಎಸಿ 30ರ ದಾರಿ ಮೂರನೆಯದು. ಕೊನೆಯ ಹಂತದಲ್ಲಿ ದನಿಯನ್ನು ತಿದ್ದುವ ಋಣ ಹಿನ್ನುಣಿಕೆಯನ್ನೇ ಅದು ಬಿಟ್ಟುಬಿಟ್ಟಿತು. ಮೀಟಿದೊಡನೆ ಮಿನುಗುವ ಅದರ ದನಿಗೆ ಇದೂ ಒಂದು ಕಾರಣ.

ಇದರಿಂದ ನಾನು ಕಲಿತದ್ದು ಇಷ್ಟು: ನಾದವು ಗಾಜಿನ ನಳಿಕೆಯಲ್ಲಿ ಮಾತ್ರ ಇಲ್ಲ. ಸರ್ಕಿಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಸ್ಪೀಕರು, ಪೆಟ್ಟಿಗೆ, ಇವೆಲ್ಲ ಕೂಡಿ ಅದನ್ನು ಕಟ್ಟುತ್ತವೆ. ಅದರಲ್ಲೂ ಸ್ಪೀಕರಿನ ಪಾಲು ದೊಡ್ಡದು. ಗಿಟಾರಿಗೆಂದು ಮಾಡಿದ ಸ್ಪೀಕರು ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಬಹಳ ಕ್ಷೀಣಿಸುತ್ತದೆ. ಒರಟು ಕಣಗಳೆಲ್ಲ ಜರಡಿಯಲ್ಲಿ ಉಳಿದಂತೆ ಅಲ್ಲೇ ಉಳಿಯುತ್ತವೆ. ವಿಕೃತಗೊಂಡ ಗಿಟಾರ್ ದನಿಯನ್ನು ಊರಹಬ್ಬದ ಮೈಕ್ ಸೆಟ್ಟಿಗೆ ನೇರವಾಗಿ ಕೊಟ್ಟರೆ ಜೇನ್ನೊಣ ಎದ್ದಂತೆ ಕೇಳುವುದು ಈ ಜರಡಿ ಇಲ್ಲದ್ದರಿಂದ.

ಎರಡನೆಯದು ಕಟ್ಟುವ ರೀತಿ. ಹಳೆಯ ಕ್ರಮದಲ್ಲಿ ಪ್ರತಿಯೊಂದು ರೆಸಿಸ್ಟರನ್ನೂ ಕೆಪಾಸಿಟರನ್ನೂ ಹಲಗೆಯ ಮೇಲಿನ ಕಡ್ಡಿಗಳಿಗೆ ಕೈಯಿಂದ ಬೆಸುಗೆ ಹಾಕುತ್ತಾರೆ. ಹೊಸ ಕ್ರಮದಲ್ಲಿ ತಾಮ್ರದ ಗೆರೆಗಳನ್ನು ಅಚ್ಚೊತ್ತಿದ ಹಾಳೆಯ ಮೇಲೆ ಯಂತ್ರವೇ ಎಲ್ಲವನ್ನೂ ಕೂರಿಸುತ್ತದೆ. ಕೈಬೆಸುಗೆಯದಕ್ಕೆ ಎರಡು ಪಟ್ಟಿಗೂ ಮಿಕ್ಕಿ ಬೆಲೆ ಇರುವುದುಂಟು. ಸರ್ಕಿಟ್ಟು ಒಂದೇ ಆಗಿದ್ದರೆ, ಬಿಡಿಭಾಗಗಳೂ ಒಂದೇ ಆಗಿದ್ದರೆ, ಅಚ್ಚಿನ ಹಲಗೆಯೆಂಬ ಒಂದೇ ಕಾರಣಕ್ಕೆ ದನಿ ಕೆಡುವುದಿಲ್ಲ. ಕೈಕೆಲಸದ ಲಾಭ ಇರುವುದು ದುರಸ್ತಿಯಲ್ಲಿ. ಕೆಟ್ಟ ಭಾಗ ಕಣ್ಣಿಗೆ ಕಾಣುತ್ತದೆ, ಬಿಚ್ಚಿ ಬೇರೆಯದನ್ನು ಹಾಕಬಹುದು. ಅಗ್ಗದ ಪೆಟ್ಟಿಗೆಗಳಲ್ಲಿ ವಾಲ್ವಿನ ಸಾಕೆಟ್ಟನ್ನು ಅಚ್ಚಿನ ಹಲಗೆಗೇ ಹಚ್ಚಿರುತ್ತಾರೆ. ವಾಲ್ವು ಕಾದು ಆರಿ, ಕಾದು ಆರಿ, ಬೆಸುಗೆ ಬಿರುಕು ಬಿಡುತ್ತದೆ. ಆದ್ದರಿಂದ ಕೊಳ್ಳುವವನು ಕೇಳಬೇಕಾದ ಪ್ರಶ್ನೆ, ‘ಸಾಕೆಟ್ಟು ಎಲ್ಲಿ ಕೂತಿದೆ? ಇದನ್ನು ಬಿಚ್ಚಿ ಸರಿಮಾಡುವವರು ಯಾರಿದ್ದಾರೆ?’ ಎಂಬುದು.

ಮೂರನೆಯದು ಬೆಲೆ. ಅದರಲ್ಲಿ ಒಂದು ಪಾಲು ಕಬ್ಬಿಣ ಮತ್ತು ತಾಮ್ರದ್ದು. ಟ್ರಾನ್ಸ್‌ಫಾರ್ಮರುಗಳ ತೂಕಕ್ಕೆ ಹಣ ಕೊಡುತ್ತೇವೆ. ಇನ್ನೊಂದು ಪಾಲು ಕೈಗಳ ದುಡಿಮೆಯದು. ಮತ್ತೊಂದು, ಹೆಸರಿನದು. ನಮ್ಮಲ್ಲಿಗೆ ಬರುವಾಗ ಸಾಗಣೆ, ಸುಂಕ, ತೆರಿಗೆಗಳೂ ಸೇರುತ್ತವೆ. ಕೊಂಡ ಮೇಲೆ ವಾಲ್ವುಗಳ ಖರ್ಚು ಬೇರೆ. ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ನಿಂತು ದಶಕಗಳಾದವು. ಗಿಟಾರ್ ಆಂಪ್ಲಿಫೈಯರಿಗೆ ಬೇಕಾದವು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾಗಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಲೋಕದ ಗಿಟಾರಿಗರೆಲ್ಲ ಗಾಬರಿಗೊಂಡರು, ಬೆಲೆಯೂ ಏರಿತು. ಎಲ್ಲೋ ನಡೆಯುವ ಯುದ್ಧ ಚರ್ಚಿನ ಗಾನವೃಂದದ ಹುಡುಗನ ಜೇಬಿಗೂ ತಾಕುತ್ತದೆ.

ಬೆಲೆಯ ಜೊತೆಗೆ ವ್ಯಾಟಿನ ಮೋಹವನ್ನೂ ಹೇಳಬೇಕು. ಮೂವತ್ತು ವ್ಯಾಟು ಹದಿನೈದರ ಎರಡರಷ್ಟು ಜೋರಲ್ಲ. ಕಿವಿಗೆ ದನಿ ಇಮ್ಮಡಿಯಾಗಿ ತೋರಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 15ರಿಂದ 30ಕ್ಕೆ ಹೋದರೆ ಏರುವುದು ಬರೀ 3 ಡೆಸಿಬೆಲ್. ಒಳ್ಳೆಯ ಗಿಟಾರ್ ಸ್ಪೀಕರು ಒಂದೇ ವ್ಯಾಟಿನಲ್ಲಿ, ಒಂದು ಮೀಟರ್ ದೂರದಲ್ಲಿ, 100 ಡೆಸಿಬೆಲ್ಲಿನ ಹತ್ತಿರ ಬರುತ್ತದೆ. ವಾಲ್ವಿನ ನಿಜವಾದ ಸೊಗಸು ಅದನ್ನು ದುಡಿಸಿದಾಗ ಮಾತ್ರ ಬರುವುದರಿಂದ, ಸಭಾಂಗಣದಲ್ಲಿ ದೊಡ್ಡ ಪೆಟ್ಟಿಗೆಯನ್ನು ಎರಡರಲ್ಲಿ ಇಟ್ಟು ನುಡಿಸುವುದಕ್ಕಿಂತ ಚಿಕ್ಕದನ್ನು ಏಳರಲ್ಲಿ ಇಡುವುದು ಲೇಸು.

ಇನ್ನು ನಮ್ಮ ಊರಿನ ಮಾತು. ವಾಲ್ವಿನ ಒಳಗಿನ ತಂತಿ 6.3 ವೋಲ್ಟಿನಲ್ಲಿ ಕಾಯಬೇಕು. ಮನೆಯ ವಿದ್ಯುತ್ತು 230ರಿಂದ 180ಕ್ಕೆ ಇಳಿದರೆ ಅದೂ ಅದೇ ಪ್ರಮಾಣದಲ್ಲಿ ಇಳಿದು ಸುಮಾರು 4.9 ಆಗುತ್ತದೆ, ದನಿ ಸೊರಗುತ್ತದೆ, ವಾಲ್ವಿಗೂ ಒಳ್ಳೆಯದಲ್ಲ. ಸ್ಟೆಬಿಲೈಸರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ತರಿಸುವ ಆಲೋಚನೆಯಿದ್ದರೆ ನೆನಪಿಡಿ: ಅಲ್ಲಿಯದು 120 ವೋಲ್ಟು, ಇಲ್ಲಿ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ತೂಕವೂ ಸಣ್ಣ ವಿಷಯವಲ್ಲ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ. 2019ರಲ್ಲಿ ಅದೇ ಸಂಸ್ಥೆ ಅದೇ ದನಿಯನ್ನು ಗಣಕದ ಲೆಕ್ಕದಿಂದ ಅನುಕರಿಸುವ, ವಾಲ್ವೇ ಇಲ್ಲದ ಪೆಟ್ಟಿಗೆಯನ್ನು ತಂದಿತು. ತೂಕ ಸುಮಾರು 15 ಕಿಲೋ, ಬೆಲೆಯೂ ಕಡಿಮೆ. ಕೌದಳ್ಳಿಯಲ್ಲಿ ಬಸ್ಸು ಬದಲಿಸುವವನಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟನ್ನೂ ಮುಂದಿಟ್ಟು ನಾನು ಆ ಹುಡುಗನಿಗೆ ಹೇಳಿದ್ದು: “ವಾಲ್ವಿನಲ್ಲಿ ಸತ್ವ ಇದೆ, ಬರೀ ಹೆಸರಲ್ಲ. ಆದರೆ ನಿನಗೆ ಬೇಕಾದ ಸತ್ವ ಹದಿನೈದು ವ್ಯಾಟಿನ ಒಳಗೇ ಸಿಗುತ್ತದೆ. ಅದರಾಚೆಯದು ಇತರರ ಕಣ್ಣಿಗೆ. ತಂಗಿಯ ಶುಲ್ಕ ಕಟ್ಟು. ಶುಲ್ಕಕ್ಕೆ ಕೊನೆಯ ದಿನ ಇದೆ, ಆಂಪ್ಲಿಫೈಯರಿಗೆ ಇಲ್ಲ.” ಅವನು ಹಾಗೆಯೇ ಮಾಡಿದ. ಉಳಿದದ್ದರಲ್ಲಿ ಇಎಲ್ 84 ವಾಲ್ವುಗಳ, ಒಬ್ಬರು ಬಳಸಿ ಮಾರಿದ, ಹದಿನೈದು ವ್ಯಾಟಿನ ಪೆಟ್ಟಿಗೆಯೊಂದನ್ನು ಕೊಂಡಿದ್ದಾನೆ. ತಂಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ.

ಕೊನೆಗೆ, ಪೆಟ್ಟಿಗೆ ಕಂಡೊಡನೆ ಬಿಚ್ಚುವ ಚಪಲವುಳ್ಳ ನನ್ನ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ವಾಲ್ವು ಆಂಪ್ಲಿಫೈಯರಿನ ಒಳಗೆ 300ರಿಂದ 500 ವೋಲ್ಟಿನವರೆಗೆ ಒತ್ತಡ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಅದು ಪ್ರಾಣ ತೆಗೆಯಬಲ್ಲದು. ಸ್ಪೀಕರಿನ ತಂತಿ ಜೋಡಿಸದೆ ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟೀತು. ಭೂಸಂಪರ್ಕವಿಲ್ಲದ ಪ್ಲಗ್ಗಿಗೆ ಸಿಕ್ಕಿಸಬೇಡಿ. ಕಲಿಯುವ ಆಸೆಯಿದ್ದರೆ ಹಳೆಯ ರೇಡಿಯೋ ದುರಸ್ತಿಗಾರರೊಬ್ಬರನ್ನು ಹುಡುಕಿ, ಅವರ ಪಕ್ಕದಲ್ಲಿ ಕೂತು ಕಲಿಯಿರಿ. ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ವಾಲ್ವು ಸ್ಲೊವಾಕಿಯಾದಿಂದ ಬಂದೀತು, ಆ ಕೈಗಳು ಬರಲಾರವು.