ಫೋಟೊದಲ್ಲಿಲ್ಲದ ಅಶ್ವತ್ಥಾಮ

ದೇವಸುಗೂರಿನ ಸೂಗೂರೇಶ್ವರ ಜಾತ್ರೆಗೆ ನಮ್ಮ ಓಣಿಯವರು ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಆಡುವುದೆಂದಾಯಿತು. ನನಗೆ ಬಂದದ್ದು ಅಶ್ವತ್ಥಾಮನ ಪಾತ್ರ. ಹಿಂದೊಮ್ಮೆ ಅಪ್ಪನೂ ಅದನ್ನೇ ಮಾಡಿದ್ದ. ಅವನು ತೀರಿಕೊಂಡು ಆಗ ಎರಡು ವರ್ಷ.

ಟ್ರಂಕಿನಲ್ಲಿ ಎರಡು ವಸ್ತು ಸಿಕ್ಕವು: ವೇಷದಲ್ಲಿದ್ದ ಅಪ್ಪನ ಫೋಟೊ, ಮಾತು ಬರೆದುಕೊಂಡಿದ್ದ ನೋಟ್‌ಬುಕ್ಕು. ಫೋಟೊವನ್ನು ಬಣ್ಣ ಹಚ್ಚುವವರಿಗೆ ತೋರಿಸಿದೆ: “ಕಾಕಾ, ಹಿಂಗ ಮಾಡ್ರಿ.” ಮೀಸೆ, ಕಿರೀಟ, ಭುಜಕೀರ್ತಿ ಎಲ್ಲ ಹೊಂದಿದವು. ಆದರೆ ತಾಲೀಮಿನಲ್ಲಿ ನಾನು ಫೋಟೊದ ಹಾಗೆಯೇ ನಿಂತುಬಿಡುತ್ತಿದ್ದೆ, ಎದೆ ಸೆಟೆಸಿ, ಕಣ್ಣು ಕೆಕ್ಕರಿಸಿ. ಮಾಸ್ತರರು ಗದರಿದರು: “ತಮ್ಮಾ, ಫೋಟೊ ಮಾತಾಡ್ತದೇನು?”

ಆ ರಾತ್ರಿ ನೋಟ್‌ಬುಕ್ಕು ತೆರೆದೆ. ತಂದೆಯ ಸಾವಿನ ಮಾತು ಬರುವಲ್ಲಿ, ಅಂಚಿಗೆ, ಅಪ್ಪನ ಪೆನ್ಸಿಲ್ ಬರಹ: ‘ಮೂರು ರಾತ್ರಿ ನಿದ್ದಿಲ್ಲ. ಅಳಬಾರದು. ದನಿ ಸಣ್ಣದು.’

ದ್ರೋಣ ಸತ್ತದ್ದು ಯುದ್ಧದ 15ನೆಯ ದಿನ, ಅರ್ಧ ಸುಳ್ಳೊಂದನ್ನು ನಂಬಿ. ಮಗ ಪಾಂಡವರ ಪಾಳೆಯಕ್ಕೆ ನುಗ್ಗಿದ್ದು 18ನೆಯ ದಿನದ ರಾತ್ರಿ. ನಡುವಿನ ರಾತ್ರಿಗಳನ್ನು ಅಪ್ಪ ಎಣಿಸಿದ್ದ. ಸಿಟ್ಟಿನ ಮುಖ ಫೋಟೊದಲ್ಲಿತ್ತು. ನಿದ್ದೆಗೆಟ್ಟ ಮಗ ಆ ಅಂಚಿನಲ್ಲಿದ್ದ. ನನಗೂ ಅಂಥ ರಾತ್ರಿಗಳ ಪರಿಚಯವಿತ್ತು.

ಜಾತ್ರೆಯ ದಿನ ವೇಷ ಫೋಟೊದಂತೆ ಕಟ್ಟಿದರು. ಮಾತು ನೋಟ್‌ಬುಕ್ಕಿನಂತೆ ಆಡಿದೆ. ಕಿರೀಟ ಕಂಡಾಗ ಅವ್ವ ನಕ್ಕಳಂತೆ. ದನಿ ಸಣ್ಣದಾದಾಗ ಸೆರಗು ಬಾಯಿಗಿಟ್ಟುಕೊಂಡಳಂತೆ.